ಹೊಸಬರಿಗೆ ತೊಂದರೆ ಕೊಡಬಾರದು

ಫೆಬ್ರವರಿ 3, ಸೋಮವಾರ

ಲೆನ್ಸ್ ಕಂಪನಿಯವರು ವರ್ಷ ವರ್ಷವೂ ಒಂದು ಡೈರಿ ಕೊಡುತ್ತಾರೆ, ನಾನು ವರ್ಷ ವರ್ಷವೂ ಅದನ್ನು ಯಾರಿಗಾದರೂ ದಾಟಿಸುತ್ತೇನೆ. ಈ ಸಲ ಇಟ್ಟುಕೊಂಡಿದ್ದೇನೆ. ಮನಸ್ಸಿನಲ್ಲಿರುವುದನ್ನು ಮನೆಯಲ್ಲಿ ಹೇಳಿದರೆ ನಮ್ಮ ಟೀಚರ್ ತಿದ್ದುತ್ತಾಳೆ. ಟೀಚರ್ ಅಂದರೆ ನನ್ನ ಹೆಂಡತಿ. ಸ್ಕೂಲಿನಲ್ಲಿ ಲೆಕ್ಕ ಮಾತ್ರ ಹೇಳಿಕೊಡುತ್ತಾಳೆ, ಮನೆಯಲ್ಲಿ ಎಲ್ಲವನ್ನೂ. ಡೈರಿಗೆ ಆ ಚಾಳಿಯಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನನ್ನ ಕನ್ನಡಕದ ಅಂಗಡಿಗೆ ನೊಣವೂ ಬರುವುದಿಲ್ಲ. ಆಗ ಬರೆಯುವುದು ಅಂತ ತೀರ್ಮಾನ.

ನಿನ್ನೆ ಸಂಘದ ಸಭೆ ಇತ್ತು. ಅಕ್ಕನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋಗಿದ್ದರಿಂದ ತಪ್ಪಿಸಿಕೊಂಡೆ. ನಮ್ಮ ಸೇವಾ ಸಂಘದಲ್ಲಿ ಒಂದು ಪದ್ಧತಿಯಿದೆ. ಯಾರೂ ಒಪ್ಪದ ಕೆಲಸವನ್ನು, ಅವತ್ತು ಯಾರು ಬಂದಿಲ್ಲವೋ ಅವರ ಕೊರಳಿಗೆ ಕಟ್ಟುವುದು. ಸೇರಿದ ಹೊಸತರಲ್ಲಿ ತಪ್ಪಿದ ಒಂದನ್ನು ಬಿಟ್ಟರೆ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಭೆಯನ್ನೂ ಬಿಟ್ಟವನಲ್ಲ. ಎಲ್ಲರೂ ಅದನ್ನು ಸೇವಾ ಮನೋಭಾವ ಅಂದುಕೊಂಡಿದ್ದಾರೆ, ನಿಜವಾಗಿ ಅದು ಭಯ. ನಿನ್ನೆ ಸಿಕ್ಕಿಬಿದ್ದೆ. ಹೊಸ ಸದಸ್ಯರನ್ನು ಸೇರಿಸುವ ಹೊಣೆ ಈಗ ನನ್ನದು.

ಹೊಣೆಯೇನೂ ಹಗುರವಲ್ಲ. ಸೇವಾ ಸಂಘಗಳ ಒಕ್ಕೂಟದಿಂದ ಕಾಗದ ಬಂದಿದೆ. ಏಪ್ರಿಲ್ 27ರ ಸಭೆಗೆ ಅವರ ಅಧಿಕಾರಿ ಬಂದು ತಲೆ ಎಣಿಸುತ್ತಾರಂತೆ. ಹದಿನೈದು ಸದಸ್ಯರಿರಬೇಕು. ನಾವಿರುವುದು ಒಂಬತ್ತು. ಕಡಿಮೆ ಬಿದ್ದರೆ ಸಂಘವನ್ನು ಊರಿನ ಆ ತುದಿಯ ದೊಡ್ಡ ಸಂಘದ ಜೊತೆ ಸೇರಿಸಿ ನಮ್ಮ ಎರಡು ಕೋಣೆಗೆ ಬೀಗ ಹಾಕುತ್ತಾರೆ. ಲೈಬ್ರರಿಯ ಹಿಂದಿನ ಎರಡು ಕೋಣೆ, ಅಷ್ಟೇ ನಮ್ಮ ಆಸ್ತಿ. ಮುಂದಿನದರಲ್ಲಿ ಸಭೆ. ಹಿಂದಿನದರಲ್ಲಿ ಮಂಚ, ಗಾಲಿಕುರ್ಚಿ, ವಾಕರ್, ಊರುಗೋಲು. ಕಾಯಿಲೆಯವರಿರುವ ಮನೆಗೆ ಕೊಡುತ್ತೇವೆ, ಗುಣವಾದ ಮೇಲೆ ವಾಪಸ್ ತರುತ್ತೇವೆ. ಗುಣವಾಗದಿದ್ದರೂ ತರುತ್ತೇವೆ. ಅಮ್ಮನ ಕೊನೆಯ ಎಂಟು ತಿಂಗಳು ಕಳೆದದ್ದು ಆ ಕೋಣೆಯ ಒಂದು ಮಂಚದ ಮೇಲೆ. ಅದಕ್ಕೇ ನಾನು ಸಂಘ ಸೇರಿದ್ದು. ಅದು ಮುಚ್ಚುವುದು ನನಗೆ ಬೇಡ.

ಅಕ್ಕ ಸೊರಗಿದ್ದಾಳೆ. ಭಾವ ಹೋಗಿ ಮೂರು ತಿಂಗಳಾಯಿತು. ಮೂವತ್ತು ವರ್ಷ ಇಬ್ಬರೂ ಸೇರಿ ಸೈಕಲ್ ರಿಪೇರಿ ಅಂಗಡಿ ನಡೆಸಿದವರು, ಮಕ್ಕಳಿಲ್ಲ. ಅಂಗಡಿಯ ಜಾಗವನ್ನು ಮಾಲೀಕರಿಗೆ ಬಿಟ್ಟುಕೊಟ್ಟು ಬಂದಿದ್ದಾಳೆ. ಎಷ್ಟು ದಿನ ಬೇಕಾದರೂ ಇರು ಅಂದಿದ್ದೇನೆ. ಅವಳಿಗೆ ಒಂದು ಕಡ್ಡಿ ಎತ್ತಿಡುವ ಕೆಲಸವನ್ನೂ ಹೇಳಬಾರದೆಂದು ನಾನೂ ಟೀಚರೂ ಮಾತಾಡಿಕೊಂಡಿದ್ದೇವೆ.

ಫೆಬ್ರವರಿ 8, ಶನಿವಾರ

ಸಂಖ್ಯೆ: ಒಂಬತ್ತು.

ಗಿರಾಕಿಗಳ ಕನ್ನಡಕದ ಡಬ್ಬಿಯೊಳಗೆ ಸಂಘದ ಚೀಟಿ ಇಟ್ಟು ಕೊಟ್ಟೆ. ಇಪ್ಪತ್ತು ಚೀಟಿ ಹೋದವು. ಒಬ್ಬರು ವಾಪಸ್ ಬಂದರು, ಚೀಟಿ ತಾಗಿ ಗಾಜಿಗೆ ಗೀರು ಬಿದ್ದಿದೆ ಅಂತ ಜಗಳವಾಡಲು.

ಆಮೇಲೆ ಒಂದು ಉಪಾಯ ಹೊಳೆಯಿತು. ಕಣ್ಣು ಪರೀಕ್ಷೆಯ ಯಂತ್ರದ ಮೇಲೆ ಗದ್ದ ಇಟ್ಟು ಕೂತವರು ಎಲ್ಲಿಗೂ ಓಡಲಾರರು. ಮೂರನೇ ಸಾಲು ಓದಿ, ನಾಲ್ಕನೇ ಸಾಲು ಓದಿ, ಭಾನುವಾರ ಬಿಡುವಿದೆಯಾ, ಐದನೇ ಸಾಲು ಓದಿ. ಹೀಗೆ ಬ್ಯಾಂಕಿನ ಗುಮಾಸ್ತರೊಬ್ಬರು ಒಪ್ಪಿಕೊಂಡರು. ಎದುರಿನ ಔಷಧಿ ಅಂಗಡಿಯವರೂ ಒಪ್ಪಿಕೊಂಡರು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವರಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅದೂ ಅನುಕೂಲವೇ ಆಯಿತು.

ಅಕ್ಕ ಇವತ್ತು ಅಂಗಡಿಗೆ ಬಂದು ಕೂತಿದ್ದಳು. ನೋಡನೋಡುತ್ತಿದ್ದಂತೆ ಎದ್ದು ಫ್ರೇಮುಗಳ ಧೂಳು ಒರೆಸತೊಡಗಿದಳು. ಬಟ್ಟೆ ಅವಳ ಕೈಯಿಂದ ತೆಗೆದುಕೊಂಡು, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ಫ್ಯಾನ್ ಹಾಕಿದೆ. ಸ್ವಲ್ಪ ಹೊತ್ತಿಗೆ ಮನೆಗೆ ಹೋಗುತ್ತೇನೆ ಅಂತ ಎದ್ದಳು. ದಣಿವಿರಬೇಕು.

ಫೆಬ್ರವರಿ 17, ಸೋಮವಾರ

ಸಂಖ್ಯೆ: ಹನ್ನೊಂದು.

ನಿನ್ನೆಯ ಸಭೆಗೆ ಇಬ್ಬರೂ ಬಂದರು. ನಾವು ಮರ್ಯಾದೆಯಲ್ಲಿ ಎಳ್ಳಷ್ಟೂ ಕೊರತೆ ಮಾಡಲಿಲ್ಲ. ಸಂಘದಲ್ಲಿ ಮೆತ್ತೆಯ ಕುರ್ಚಿಗಳಿರುವುದು ಮೂರು. ಎರಡರಲ್ಲಿ ಅವರನ್ನು ಕೂರಿಸಿದೆವು. ಚಹಾ, ಬಿಸ್ಕತ್ತು ಅವರಿಗೇ ಮೊದಲು. ಮಂಚವೊಂದನ್ನು ವ್ಯಾನಿಗೆ ಏರಿಸುವಾಗ ಗುಮಾಸ್ತರು ಕೈ ಹಾಕಲು ಬಂದರು. ನಾವು ನಾಲ್ಕು ಜನ ಸೇರಿ ಅವರನ್ನು ತಡೆದೆವು. ಮಂಚ ಒಂದು ಕ್ಷಣ ಯಾರ ಕೈಯಲ್ಲೂ ಇಲ್ಲದಂತಾಗಿ ನಮ್ಮ ಅಧ್ಯಕ್ಷರ ಕಾಲ ಮೇಲೆ ಇಳಿಯಿತು. ಅಧ್ಯಕ್ಷರು ಹಲ್ಲಿನ ಡಾಕ್ಟರು, ಕಾಲಿನ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡರು.

ಹೊಸ ಸದಸ್ಯರು ಆರು ತಿಂಗಳು ಯಾವ ಕೆಲಸವನ್ನೂ ಮುಟ್ಟಬಾರದು ಎಂಬುದು ನಮ್ಮ ನಿಯಮ. ಅದಕ್ಕೆ ಕಾರಣ ನಾನೇ. ಇಪ್ಪತ್ತೆರಡು ವರ್ಷದ ಹಿಂದೆ, ಸೇರಿದ ಮೊದಲ ದಿನವೇ, ಕಬ್ಬಿಣದ ಮಂಚವನ್ನು ಒಬ್ಬನೇ ಎತ್ತಿ ತೋರಿಸಲು ಹೋಗಿ ಬೆನ್ನು ಹಿಡಿದುಕೊಂಡು ಮೂರು ವಾರ ಮಲಗಿದೆ. ಮುಂದಿನ ಸಭೆಗೆ ನನ್ನ ಬದಲು ನಮ್ಮ ಟೀಚರ್ ಹೋದಳು. ಅವಳು ಅಲ್ಲಿ ಏನು ಹೇಳಿದಳೋ ಗೊತ್ತಿಲ್ಲ, ಅವತ್ತೇ ನಿಯಮ ಪಾಸಾಯಿತು. ಹೊಸಬರಿಗೆ ತೊಂದರೆ ಕೊಡಬಾರದು.

ಮಾರ್ಚ್ 3, ಸೋಮವಾರ

ಸಂಖ್ಯೆ: ಒಂಬತ್ತು.

ಇಬ್ಬರೂ ಕೈಕೊಟ್ಟರು. ಗುಮಾಸ್ತರು ಕಾಗದ ಬರೆದು ಹೆಸರು ವಾಪಸ್ ತೆಗೆದುಕೊಂಡರು. ಔಷಧಿ ಅಂಗಡಿಯವರು ಎದುರಿಗೇ ಇದ್ದರೂ ನನ್ನನ್ನು ಕಂಡರೆ ಬಾಟಲಿ ಹುಡುಕುವವರಂತೆ ಕೌಂಟರ್ ಕೆಳಗೆ ಬಗ್ಗುತ್ತಾರೆ. ಅಷ್ಟು ಉಪಚಾರ ಮಾಡಿದ್ದಕ್ಕೆ ಇದು ಪ್ರತಿಫಲ.

ಬೆಳಿಗ್ಗೆ ಅಕ್ಕನೂ ಒಂದು ಮಾತು ಹೇಳಿದಳು. ಅವಳ ಊರಿನಲ್ಲಿ, ಹಳೆಯ ಅಂಗಡಿಯ ಹತ್ತಿರವೇ, ಒಂದು ಕೋಣೆ ಮೇ ಒಂದಕ್ಕೆ ಖಾಲಿಯಾಗುತ್ತದಂತೆ. ಹೋಗುತ್ತೇನೆ ಅಂದಳು. ಇಲ್ಲಿ ಏನು ಕಡಿಮೆಯಾಯಿತು ಅಂತ ಕೇಳಿದೆ. ಏನೂ ಕಡಿಮೆಯಾಗಿಲ್ಲ ಅಂದಳು. ಹಾಗಾದರೆ ಯಾಕೆ ಅಂತ ಕೇಳಲು ಬಾಯಿ ಬರಲಿಲ್ಲ. ಅಲ್ಲಿ ಅವಳಿಗೆ ಯಾರಿದ್ದಾರೆ. ನನಗಿಂತ ಆರು ವರ್ಷ ದೊಡ್ಡವಳು, ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಅವಳು ಹೋಗುವುದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ. ಆದರೆ ಒತ್ತಾಯ ಮಾಡಿದರೆ ಅವಳಿಗೆ ಭಾರವಾಗಬಹುದು.

ಟೀಚರಿಗೆ ಹೇಳಿದ್ದೇನೆ, ಇನ್ನೂ ಚೆನ್ನಾಗಿ ನೋಡಿಕೊಳ್ಳೋಣ ಅಂತ.

ಮಾರ್ಚ್ 7, ಶುಕ್ರವಾರ

ಸಂಖ್ಯೆ: ಒಂಬತ್ತು.

ಹೊಸಬರು ಸಿಗದಿದ್ದರೆ ಹಳಬರನ್ನಾದರೂ ಎಳೆದು ತರೋಣವೆಂದು ಡ್ರೈವಿಂಗ್ ಮೇಡಂ ಹತ್ತಿರ ಹೋದೆ. ಕಾರು ಓಡಿಸಲು ಕಲಿಸುವ ಹೆಂಗಸು, ಎರಡು ವರ್ಷದ ಹಿಂದೆ ನಮ್ಮ ಸದಸ್ಯೆ. ಐದನೇ ತಿಂಗಳಿಗೆ ಬಿಟ್ಟು ಹೋಗಿದ್ದರು. ಪಾಠ ನಡೆಯುತ್ತಿತ್ತು, ಹಿಂದಿನ ಸೀಟಿನಲ್ಲಿ ಕೂತು ಮಾತಾಡಿ ಅಂದರು. ಕಲಿಯುತ್ತಿದ್ದವರು ಬ್ರೇಕ್ ಹಾಕಿದಾಗಲೆಲ್ಲ ನಾನು ಮುಂದಿನ ಸೀಟಿಗೆ ಮೂಗು ಒತ್ತುತ್ತಾ, ಸಂಘ ಯಾಕೆ ಬಿಟ್ಟಿರಿ ಅಂತ ಕೇಳಿದೆ.

“ಬೈದಿದ್ರೆ ಇರ್ತಿದ್ದೆ ಸರ್,” ಅಂದರು. “ಐದು ತಿಂಗಳು ಮೆತ್ತನೆ ಕುರ್ಚಿ, ಬಿಸ್ಕತ್ತು. ನನ್ನ ಕಾರು ಬಾಗಿಲಲ್ಲೇ ನಿಂತಿತ್ತು, ಈ ವಾಕರ್ ನಾನೇ ಕೊಟ್ಟು ಬರ್ತೀನಿ ಅಂದೆ. ನಿಮ್ಮ ಅಧ್ಯಕ್ಷರು ‘ನಿಮಗ್ಯಾಕೆ ತೊಂದರೆ’ ಅಂತ ಕೈಯಿಂದ ತಗೊಂಡ್ರು. ನಾನು ಇಲ್ಲದೇ ಇದ್ರೂ ನಡೆಯುತ್ತೆ ಅನ್ನೋ ಜಾಗಕ್ಕೆ ಎಷ್ಟು ದಿನ ಅಂತ ಬರೋದು?”

ನಮ್ಮದು ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮ ಅಂತ ವಿವರಿಸಿದೆ. ಅವರು ಶಿಷ್ಯರಿಗೆ ರಿವರ್ಸ್ ಹಾಕಲು ಹೇಳಿದರು. ಎಂಥ ಉಪಕಾರ ತಿಳಿಯದ ಜನ.

ಮಾರ್ಚ್ 8, ಶನಿವಾರ

ಡ್ರೈವಿಂಗ್ ಮೇಡಂ ಮಾತನ್ನು ಊಟದ ಹೊತ್ತಿನಲ್ಲಿ ಹೇಳಿ ಬೇಜಾರು ತೋಡಿಕೊಂಡೆ. ಟೀಚರ್ ಕೂಡ ಏನೂ ತಿದ್ದದೆ ಸಾರು ಬಡಿಸಿದಳು. ಅಕ್ಕ ಕೇಳುತ್ತಾ ಕೇಳುತ್ತಾ ಎದ್ದು ತಟ್ಟೆಗಳನ್ನು ಎತ್ತಿಕೊಂಡಳು. ನಿನಗ್ಯಾಕೆ ತೊಂದರೆ, ಕೂತ್ಕೋ ಅಂತ ತಟ್ಟೆ ಇಸಿದುಕೊಂಡೆ. ಅಕ್ಕ ನನ್ನ ಮುಖವನ್ನೇ ನೋಡಿ ನಕ್ಕಳು. ಅವಳು ಬಂದ ಮೇಲೆ ನಕ್ಕಿದ್ದು ಇದೇ ಮೊದಲು. ಯಾಕೆ ಅಂತ ಗೊತ್ತಾಗಲಿಲ್ಲ, ಆದರೂ ಸಂತೋಷವಾಯಿತು.

ಮಾರ್ಚ್ 17, ಸೋಮವಾರ

ಸಂಖ್ಯೆ: ಒಂಬತ್ತು.

ನಿನ್ನೆ ಸಭೆ ಮುಗಿದು ಎಲ್ಲರೂ ಹೋದ ಮೇಲೆ ಬೀಗ ಹಾಕುವ ಸರದಿ ನನ್ನದು. ಅಕ್ಕನಿಗೆ ಗಾಳಿ ಬದಲಾಗಲಿ ಅಂತ ಜೊತೆಯಲ್ಲಿ ಕರೆದುಕೊಂಡು ಹೋಗಿ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದ್ದೆ. ಬೀಗಕ್ಕೆ ಕೈ ಹಾಕುವಷ್ಟರಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬರು ಓಡಿಬಂದರು. ಅವರ ತಂದೆಯನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದಿದ್ದಾರೆ, ತಂದೆ ಹೊರಗೆ ವ್ಯಾನಿನಲ್ಲೇ ಇದ್ದಾರೆ, ಮನೆಯೊಳಗೆ ಹೋಗಲು ಗಾಲಿಕುರ್ಚಿ ಬೇಕು. ಇರುವ ಐದರಲ್ಲಿ ಎರಡು ಯಾರದೋ ಮನೆಯಲ್ಲಿವೆ. ಉಳಿದ ಮೂರರಲ್ಲಿ ಒಂದರ ಚಕ್ರವೂ ನೆಟ್ಟಗಿಲ್ಲ. ಒಂದು ಎಡಕ್ಕೆ ಎಳೆಯುತ್ತದೆ, ಇನ್ನೊಂದು ತಿರುಗುವುದೇ ಇಲ್ಲ, ಮೂರನೆಯದು ಕುಣಿಯುತ್ತದೆ. ನಾಳೆ ರಿಪೇರಿ ಮಾಡಿಸಿ ಕಳಿಸುತ್ತೇನೆ ಅಂತ ಹೇಳುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಕುರ್ಚಿಯಲ್ಲಿಲ್ಲ.

ನೆಲದ ಮೇಲೆ ಕೂತು, ಕುಣಿಯುವ ಕುರ್ಚಿಯನ್ನು ಮಗುಚಿ ಹಾಕಿಕೊಂಡು, ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದಳು. ಕಡ್ಡಿಗಳು ಸಡಿಲವಾಗಿವೆ, ಚಿಕ್ಕ ಸ್ಪ್ಯಾನರ್ ಕೊಡು ಅಂದಳು. ಬಿಡು ಅಕ್ಕ ಅನ್ನಲು ಬಾಯಿ ತೆರೆದೆ. ಮೇಸ್ತ್ರಿ ನನಗಿಂತ ಮೊದಲೇ ಸ್ಪ್ಯಾನರ್ ಹುಡುಕಿ ಕೊಟ್ಟುಬಿಟ್ಟರು. ವ್ಯಾನಿನಲ್ಲಿ ಆ ಮುದುಕರು ಬಿಸಿಲಿಗೆ ಬೇಯುತ್ತಿದ್ದರು, ವಾದ ಮಾಡುವ ಸಮಯವಲ್ಲ. ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ ಬಿಗಿ ಮಾಡುತ್ತಾ ಇಪ್ಪತ್ತು ನಿಮಿಷದಲ್ಲಿ ಬೆಂಡು ತೆಗೆದಳು. ನಡುವೆ ಒಂದು ಸಲ ತಲೆಯೆತ್ತದೆ ಕೈ ಚಾಚಿ, ಬಟ್ಟೆ ಅಂದಳು. ನಾನು ಬಟ್ಟೆ ಕೊಟ್ಟೆ. ಅಂಗಡಿಯಲ್ಲಿ ಭಾವ ಹಾಗೆ ಕೊಡುತ್ತಿದ್ದರೇನೋ.

ಮನೆ ಹತ್ತಿರವೇ, ಮುದುಕರು ಅದರಲ್ಲೇ ಕೂತು ಹೋದರು. ಅಕ್ಕ ರಸ್ತೆಯ ತಿರುವಿನವರೆಗೂ ಚಕ್ರವನ್ನೇ ನೋಡುತ್ತಾ ನಿಂತಿದ್ದಳು. ರಾತ್ರಿ ಊಟದಲ್ಲಿ ಎರಡು ಸಲ ಬಡಿಸಿಕೊಂಡಳು. ಹವಾ ಬದಲಾಗಿದೆಯಲ್ಲ, ಅದಕ್ಕೇ ಹಸಿವು.

ಮಾರ್ಚ್ 19, ಬುಧವಾರ

ಅಕ್ಕ ಹಿಂದಿನ ಕೋಣೆಯ ಕೀಲಿಕೈ ಕೇಳಿದಳು. ಇನ್ನೆರಡು ಕುರ್ಚಿ ಬಾಕಿ ಇವೆಯಂತೆ. ಆರು ತಿಂಗಳ ನಿಯಮ ನೆನಪಾಯಿತು. ಆಮೇಲೆ ಯೋಚನೆ ಮಾಡಿದೆ. ನಿಯಮ ಇರುವುದು ಹೊಸ ಸದಸ್ಯರಿಗೆ. ಅಕ್ಕ ಸದಸ್ಯೆಯೇ ಅಲ್ಲ. ಕೀಲಿಕೈ ಕೊಟ್ಟೆ.

ಅಧ್ಯಕ್ಷರಿಗೆ ಹೇಳಿಲ್ಲ.

ಮಾರ್ಚ್ 31, ಸೋಮವಾರ

ಸಂಖ್ಯೆ: ಒಂಬತ್ತು. ಕೆಲಸ ಮಾಡುವವರು: ಹದಿನೈದು.

ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೇ ಡೈರಿಗೆ ಹೇಳುತ್ತಿದ್ದೇನೆ. ಸರಿಯಾದ ಕುರ್ಚಿಗಳನ್ನು ಮನೆಗಳಿಗೆ ಮುಟ್ಟಿಸಲು ವಾಹನ ಬೇಕಿತ್ತು. ನಾಚಿಕೆ ಬಿಟ್ಟು ಡ್ರೈವಿಂಗ್ ಮೇಡಂಗೆ ಫೋನ್ ಮಾಡಿದೆ. ನಾನು ಸದಸ್ಯೆ ಅಲ್ಲವಲ್ಲ ಅಂದರು. ಅದಕ್ಕೇ ಕೇಳುತ್ತಿದ್ದೇನೆ, ಸದಸ್ಯೆಯಾಗಿದ್ದರೆ ಕೇಳುವಂತಿರಲಿಲ್ಲ ಅಂದೆ. ಅರ್ಧ ಗಂಟೆಗೆ ಕಾರು ಬಂತು. ಈಗ ಅವರ ಶಿಷ್ಯರು ರಿವರ್ಸ್ ಕಲಿಯುವುದೇ ಕಾಯಿಲೆಯವರ ಮನೆ ಮುಂದೆ.

ಮೇಸ್ತ್ರಿ ಬಂದು ಹಿಂದಿನ ಕೋಣೆಯ ಬಾಗಿಲಿಗೆ ಇಳಿಜಾರು ಕಟ್ಟಿಕೊಟ್ಟರು. ಪಕ್ಕದಲ್ಲೇ ಇರುವ ಲೈಬ್ರರಿಯಮ್ಮ, ಯಾವ ಸಾಮಾನು ಯಾರ ಮನೆಯಲ್ಲಿದೆ ಅನ್ನುವುದನ್ನು ಪುಸ್ತಕ ಎರವಲು ಕೊಟ್ಟ ಹಾಗೆ ಕಾರ್ಡಿನಲ್ಲಿ ಬರೆದಿಟ್ಟಿದ್ದಾರೆ. ತಡವಾದರೆ ನೆನಪಿಸುತ್ತಾರೆ. ಔಷಧಿ ಅಂಗಡಿಯವರು ಕೌಂಟರ್ ಕೆಳಗಿನಿಂದ ಎದ್ದು ಬಂದಿದ್ದಾರೆ. ಬ್ಯಾಂಕಿನ ಗುಮಾಸ್ತರು ದಾರಿಯಲ್ಲಿ ಸಿಕ್ಕಾಗ, ಸದಸ್ಯತ್ವದ ಮಾತೆತ್ತದೆ, ಒಂದು ಮಂಚದ ಆ ಕಡೆ ಹಿಡಿಯಲು ಜನ ಬೇಕಿತ್ತು ಅಂದೆ. ಅವರು ಕೋಟು ತೆಗೆದು ಸೈಕಲ್ಲಿಗೆ ನೇತುಹಾಕಿ ಬಂದರು.

ಎಲ್ಲರ ಮೇಲೂ ಅಕ್ಕನದೇ ದರ್ಬಾರು. ಸ್ಪ್ಯಾನರ್ ಎಲ್ಲಿಂದ ತೆಗೆದರೋ ಅಲ್ಲೇ ಇಡಬೇಕು. ಗುಮಾಸ್ತರು ನಿನ್ನೆ ಬೈಸಿಕೊಂಡರು. ಬೈಸಿಕೊಂಡು ಹೋದವರು ಇವತ್ತು ಬ್ಯಾಂಕಿನ ಊಟದ ಬಿಡುವಿನಲ್ಲಿ ಮತ್ತೆ ಬಂದಿದ್ದರು.

ಬೆಳಿಗ್ಗೆ ಅಂಗಡಿ ತೆರೆಯಲು ತಡವಾಗಿತ್ತು. ಫ್ರೇಮುಗಳನ್ನು ಒರೆಸಿಕೊಡು ಅಕ್ಕ, ಕೈ ಸಾಲುತ್ತಿಲ್ಲ ಅಂದೆ. ಒರೆಸಿದಳು. ಹಾಗೆಯೇ ನನ್ನ ಕಿಟಕಿ ಗಾಜಿನ ಕೊಳೆಯ ಬಗ್ಗೆ ಎರಡು ಮಾತು ಅಂದಳು.

ಏಪ್ರಿಲ್ 9, ಬುಧವಾರ

ಸಂಖ್ಯೆ: ಒಂಬತ್ತು.

ಖುಷಿಯಲ್ಲಿ ತಲೆಯೇ ಓಡಿರಲಿಲ್ಲ. ಅಧಿಕಾರಿ ಎಣಿಸುವುದು ಸದಸ್ಯರನ್ನು, ಕೆಲಸ ಮಾಡುವವರನ್ನಲ್ಲ. ಇನ್ನು ಹದಿನೆಂಟೇ ದಿನ. ಇವತ್ತು ಅರ್ಜಿಗಳನ್ನು ಹಿಡಿದು ಹಿಂದಿನ ಕೋಣೆಗೆ ಹೋದೆ. ಆರು ಜನ ಇದ್ದಾರೆ, ಆರೇ ಬೇಕು, ಇನ್ನೇನು.

ಯಾರೂ ಸಹಿ ಹಾಕಲಿಲ್ಲ. ಸಹಿ ಹಾಕಿದರೆ ನಾಳೆಯಿಂದ ಆರು ತಿಂಗಳು ಕೈಕಟ್ಟಿ ಕೂರಬೇಕಲ್ಲ ಅಂದರು ಡ್ರೈವಿಂಗ್ ಮೇಡಂ. ಮೆತ್ತೆಯ ಕುರ್ಚಿ ಮೂರೇ ಇರುವುದು, ಉಳಿದ ಮೂವರು ಎಲ್ಲಿ ಕೂರುವುದು ಅಂದರು ಮೇಸ್ತ್ರಿ. ನಿಯಮವನ್ನು ತೆಗೆದುಹಾಕಿ ಬನ್ನಿ, ಆಗ ನೋಡೋಣ ಅಂತ ಎಲ್ಲರೂ ಒಂದೇ ಮಾತು. ಅಕ್ಕ ಮಾತ್ರ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

ನಿಯಮ ಮಾಡಲು ಒಂದು ಸಭೆ ಸಾಕು, ತೆಗೆಯಲು ಎರಡು ಬೇಕು. ಒಂದರಲ್ಲಿ ಪ್ರಸ್ತಾಪ, ಇನ್ನೊಂದರಲ್ಲಿ ಮತ. ಇರುವುದೂ ಎರಡೇ ಸಭೆ. ಪ್ರಸ್ತಾಪ ಮಾಡಬೇಕಾದವನು ನಾನು. ನಿಯಮ ಬರೆದವರು ಅಧ್ಯಕ್ಷರು.

ಏಪ್ರಿಲ್ 14, ಸೋಮವಾರ

ನಿನ್ನೆ ಹೇಳಿಬಿಟ್ಟೆ. ಹಿಂದಿನ ಕೋಣೆಯ ಸಂಗತಿಯನ್ನೆಲ್ಲ ಬಿಚ್ಚಿಟ್ಟು, ಆರು ತಿಂಗಳ ನಿಯಮ ಬೇಡ ಅಂದೆ. ಅಧ್ಯಕ್ಷರ ಮುಖ ನೋಡಲು ಆಗಲಿಲ್ಲ. ಕದ್ದುಮುಚ್ಚಿ ಮಾಡಿದ್ದಕ್ಕೆ ರೇಗುತ್ತಾರೆ ಅಂದುಕೊಂಡಿದ್ದೆ. ಅವರು ರೇಗಲಿಲ್ಲ, ಅದೇ ಕಷ್ಟವಾಯಿತು.

“ಆ ನಿಯಮ ನಿಮ್ಮ ಬೆನ್ನು ನೋಡಿ ಬರೆದಿದ್ದು,” ಅಂದರು. “ಮೂರು ವಾರ ದಿನಾ ಬಂದು ನಿಮ್ಮ ಪಕ್ಕ ಕೂತು ಪೇಪರ್ ಓದಿ ಹೇಳ್ತಿದ್ದೆ. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆದೆ. ಅದರಿಂದ ಜನ ಬಿಟ್ಟು ಹೋಗ್ತಿದ್ದಾರೆ ಅಂತ ಇಷ್ಟು ವರ್ಷ ನನಗೆ ಯಾಕೆ ಯಾರೂ ಹೇಳಲಿಲ್ಲ?”

ಗೊತ್ತಿದ್ದವರೆಲ್ಲ ಬಿಟ್ಟು ಹೋಗಿದ್ದರು, ಹೇಳುವುದು ಯಾರು. ಅವರು ಓದಿ ಹೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬೇಜಾರಾಗದಿರಲಿ ಅಂತ ಅಪಘಾತದ ಸುದ್ದಿಗಳನ್ನು ಬಿಟ್ಟು ಓದುತ್ತಿದ್ದರು. ಮನೆಗೆ ಹೊರಡುವಾಗ ಅವರ ಚಪ್ಪಲಿಯ ಪಕ್ಕ ನಿಂತುಕೊಂಡಿದ್ದೆ, ಏನಾದರೂ ಹೇಳಬೇಕು ಅಂತ. ಅವರು ನನ್ನ ಬೆನ್ನು ತಟ್ಟಿ ಹೋದರು. ಮತ ಹಾಕುವುದು 27ಕ್ಕೆ.

ಏಪ್ರಿಲ್ 22, ಮಂಗಳವಾರ

ನಿಯಮ ಹೋಗುವುದಾದರೆ ಐದು ಜನ ಸಹಿ ಹಾಕುತ್ತಾರೆ. ಹದಿನಾಲ್ಕಾಯಿತು. ಅಕ್ಕ ಹಾಕುವುದಿಲ್ಲವಂತೆ.

“ಮೇ ಒಂದಕ್ಕೆ ಹೊರಡೋಳು ನಾನು. ನಾಲ್ಕು ದಿನಕ್ಕೋಸ್ಕರ ಸುಳ್ಳು ಸುಳ್ಳೇ ಹೆಸರು ಬರೆಸಲಾ?” ಅಂದಳು.

ಮೂರು ವಾರದಿಂದ ಅವಳು ಊರಿನ ಆ ಬಾಡಿಗೆ ಕೋಣೆಯ ಮಾತೇ ಎತ್ತಿರಲಿಲ್ಲ. ಹೋಗುವ ಯೋಚನೆ ಬಿಟ್ಟಿದ್ದಾಳೆ ಅಂತ ನಾನೇ ಅಂದುಕೊಂಡುಬಿಟ್ಟಿದ್ದೆ. ಸರಿ, ನಿನ್ನ ಇಷ್ಟ ಅಂದೆ. ಅಂದ ತಕ್ಷಣ ಅವಳು ಎದ್ದು ಒಳಗೆ ಹೋದಳು.

ಏಪ್ರಿಲ್ 26, ಶನಿವಾರ

ಬೇರೆ ಯಾರಾದರೂ ಸಿಗುತ್ತಾರೋ ಅಂತ ಐದು ದಿನ ಓಡಾಡಿದ್ದೇ ಬಂತು. ಯಂತ್ರಕ್ಕೆ ಗದ್ದ ಇಟ್ಟವರನ್ನು ಕೇಳಲು ಮನಸ್ಸೇ ಬರುತ್ತಿಲ್ಲ. ಯಾರನ್ನೋ ಹಿಡಿದು ತಂದು ಕೂರಿಸಿ ಏನು ಪ್ರಯೋಜನ.

ಇವತ್ತು ಟೀಚರ್ ಹತ್ತಿರ ಗೋಳು ಹೇಳಿಕೊಂಡೆ. ಸಂಖ್ಯೆ ಒಂದು ಕಡಿಮೆ, ಅಕ್ಕನೂ ಹೊರಟಿದ್ದಾಳೆ, ನಾನೇನು ಮಾಡಲಿ ಅಂತ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು, ಕೆಂಪು ಪೆನ್ನು ಕೆಳಗಿಟ್ಟಳು.

“ನೀವು ಅತ್ತಿಗೆಗೆ ಇರು ಅಂತ ಹೇಳಿದ್ದೀರಾ?”

ಬಂದ ದಿನವೇ ಹೇಳಿದ್ದೇನಲ್ಲ, ಎಷ್ಟು ದಿನ ಬೇಕಾದರೂ ಇರು ಅಂತ.

“ಅದು ಇರು ಅಂತ ಅಲ್ಲ ರೀ. ಹೋಗೋದು ಯಾವಾಗ ಅಂತ ನೀನೇ ನಿರ್ಧಾರ ಮಾಡ್ಕೋ ಅಂತ.”

ಮೂವತ್ತು ವರ್ಷದಲ್ಲಿ ಅವಳು ತಿದ್ದಿದ್ದರಲ್ಲಿ ಇದೊಂದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಗಿರಾಕಿ ಬಂದರು, ಸಾಕು.

ಏಪ್ರಿಲ್ 28, ಸೋಮವಾರ

ಅಂಗಡಿ ತೆರೆದಾಗಿನಿಂದ ಬರೆಯಬೇಕು ಅನ್ನಿಸುತ್ತಿದೆ, ಮೂರು ಗಂಟೆಯವರೆಗೆ ಕಾಯಲಾಗಲಿಲ್ಲ.

ನಿನ್ನೆ ಹತ್ತು ಗಂಟೆಗೆ ಸರಿಯಾಗಿ ಅಧಿಕಾರಿ ಬಂದರು. ಸಣ್ಣ ಪ್ರಾಯದವರು, ಮಾತು ಕಡಿಮೆ. ಅವರನ್ನು ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದೆವು. ಮೊದಲು ಮತ. ಎಲ್ಲರಿಗಿಂತ ಮೊದಲು ಎದ್ದ ಕೈ ಅಧ್ಯಕ್ಷರದು. ನಾನು ಅವರ ಕೈಯನ್ನೇ ನೋಡುತ್ತಾ ನನ್ನದನ್ನು ಎತ್ತುವುದು ಮರೆತಿದ್ದೆ, ಪಕ್ಕದವರು ತಿವಿದರು. ನಿಯಮ ಹೋಯಿತು. ಡ್ರೈವಿಂಗ್ ಮೇಡಂ, ಮೇಸ್ತ್ರಿ, ಲೈಬ್ರರಿಯಮ್ಮ, ಔಷಧಿ ಅಂಗಡಿಯವರು, ಗುಮಾಸ್ತರು ಒಬ್ಬೊಬ್ಬರಾಗಿ ಸದಸ್ಯರ ಪುಸ್ತಕದಲ್ಲಿ ಸಹಿ ಹಾಕಿದರು. ಅಧಿಕಾರಿ ಪೆನ್ನಿನ ತುದಿಯಿಂದ ತಲೆ ಎಣಿಸಿದರು. ಹದಿನಾಲ್ಕು. ಮತ್ತೊಂದು ಸಲ ಎಣಿಸಿದರು, ನಮ್ಮ ಮೇಲೆ ಕರುಣೆಯಿಂದಲೋ ಏನೋ. ಹದಿನಾಲ್ಕೇ. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಅಕ್ಕ ನೆಲದ ಮೇಲೆ ಕೂತು ಗಾಲಿಕುರ್ಚಿಯ ಬ್ರೇಕು ಬಿಗಿ ಮಾಡುತ್ತಿದ್ದಳು. ಗುರುವಾರ ಹೊರಡುವವಳು, ಅಷ್ಟರೊಳಗೆ ಎಲ್ಲ ಮುಗಿಸಬೇಕು ಅಂತ ಅವಸರ. ಅವಳ ಎದುರಿಗೆ ನಾನೂ ನೆಲದ ಮೇಲೆ ಕೂತೆ. ಬೆನ್ನು ನೋಯಿತು.

“ಅಕ್ಕ, ನೀನು ಹೋಗಬೇಡ.”

“ಹದಿನೈದಾಗಬೇಕು ಅಂತಾನಾ?” ತಲೆ ಎತ್ತಲಿಲ್ಲ.

“ಅಲ್ಲ. ಸಹಿ ಹಾಕದಿದ್ರೆ ಬಿಡು, ಸಂಘ ಮುಚ್ಚಿದ್ರೆ ಮುಚ್ಚಲಿ. ನೀನು ಹೋದ್ರೆ ನನಗೆ ಆಗಲ್ಲ. ನೀನು ಇರಬೇಕು. ನನಗೆ ನೀನು ಬೇಕು.”

ಅಕ್ಕ ಸ್ಪ್ಯಾನರನ್ನು ಕೆಳಗಿಟ್ಟಳು. ಭಾವ ಹೋದಾಗಲೂ ನನ್ನ ಮುಂದೆ ಅಳದಿದ್ದವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಹಣೆಗೆಲ್ಲ ಗ್ರೀಸು ಮಾಡಿಕೊಂಡಳು.

“ಎಷ್ಟು ದಿನ ಬೇಕಾದ್ರೂ ಇರು ಅಂದೆ. ಅದನ್ನ ಲಾಡ್ಜಿನವರೂ ಹೇಳ್ತಾರೆ ಕಣೋ,” ಅಂದಳು. “ಒಂದು ಲೋಟ ತೊಳೆಯೋಕೆ ಬಿಡಲಿಲ್ಲ ನೀವಿಬ್ಬರೂ. ನಾನು ಯಾರ ಮನೇಲಿ ಇದ್ದೀನಿ ಅಂತ ಬೆಳಿಗ್ಗೆ ಎದ್ದ ತಕ್ಷಣ ಯೋಚನೆ ಮಾಡಬೇಕಾಗ್ತಿತ್ತು.”

ಆಮೇಲೆ, ಏಳು, ನಿನ್ನ ಬೆನ್ನು ಹಿಡ್ಕೊಂಡರೆ ನಾನು ಪೇಪರ್ ಓದಿ ಹೇಳೋಳಲ್ಲ ಅಂದು ನನ್ನ ತೋಳು ಹಿಡಿದು ಎಬ್ಬಿಸಿದಳು.

ಅವಳು ಬಂದದ್ದನ್ನು ಕಂಡು ಗುಮಾಸ್ತರು ಕುರ್ಚಿ ಬಿಟ್ಟು ಎದ್ದರು. ಅಕ್ಕ ಕೂರಲಿಲ್ಲ. ನಿಂತೇ ಪುಸ್ತಕಕ್ಕೆ ಬಗ್ಗಿ, ಹೆಸರು ಬರೆದಳು. ಉದ್ಯೋಗದ ಜಾಗದಲ್ಲಿ ಚಕ್ರ ರಿಪೇರಿ ಅಂತ ಬರೆದಳು. ಅಧಿಕಾರಿ ಹದಿನೈದು ಅಂತ ಗುರುತು ಹಾಕಿಕೊಂಡರು, ಸಂಘ ಉಳಿಯಿತು, ಯಾರೋ ಚಪ್ಪಾಳೆ ತಟ್ಟಿದರು. ಅದೆಲ್ಲ ನನಗೆ ಅಷ್ಟಾಗಿ ನೆನಪಿಲ್ಲ. ನಾನು ವಿಳಾಸದ ಜಾಗವನ್ನೇ ನೋಡುತ್ತಿದ್ದೆ. ಅಕ್ಕ ಅಲ್ಲಿಗೆ ಬಂದು ಪೆನ್ನು ನಿಲ್ಲಿಸಿದಳು. ಅವಳು ಊರಿನ ವಿಳಾಸವನ್ನೇ ಬರೆದುಬಿಟ್ಟರೆ?

ಅಕ್ಕ ನನ್ನ ಕಡೆ ತಿರುಗಿ, ಮನೆ ನಂಬರ್ ಎಷ್ಟೋ ಅಂತ ಕೇಳಿದಳು.

ಹದಿನೆಂಟು ವರ್ಷದಿಂದ ಇರುವ ಮನೆ. ನನಗೆ ನಂಬರ್ ನೆನಪಿಗೇ ಬರಲಿಲ್ಲ. ಅಷ್ಟು ಜನ ಕಾಯುತ್ತಿದ್ದರು, ಅಧಿಕಾರಿಯೂ ಕಾಯುತ್ತಿದ್ದರು. ಗೇಟಿನ ಮೇಲಿನ ಫಲಕ, ಕರೆಂಟಿನ ಬಿಲ್ಲು, ಏನೇನನ್ನೋ ಕಣ್ಣ ಮುಂದೆ ತಂದುಕೊಂಡು ಕೊನೆಗೆ ನೂರ ಹದಿನಾಲ್ಕು ಅಂದೆ.

ಅಕ್ಕ ಬರೆದಳು.